ಪದ ಬೇಕು: ಫಿಷನ್‌ಗೆ ‘ವಿದಳನ’ ಬಿಟ್ಟು ಬೇರೆ ಇದೆಯಾ? (ನಾಳೆ ಸಂಜೆ ಅಚ್ಚಿಗೆ)

ನಮಸ್ಕಾರ. ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ‘ಯುರೇನಿಯಂ ಒಡೆದ ಕಥೆ’ ಅಂತ ಒಂದು ಬ್ಯಾನರ್ ಮಾಡುತ್ತಿದ್ದೇನೆ. ನಾಳೆ ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

1938ರ ಡಿಸೆಂಬರ್. ಬರ್ಲಿನ್ನಿನಲ್ಲಿ ರಸಾಯನವಿಜ್ಞಾನಿಗಳಾದ ಓಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ಹೊಡೆದಾಗ, ಅದಕ್ಕಿಂತ ಎಷ್ಟೋ ಹಗುರವಾದ ಬೇರಿಯಂ ಸಿಕ್ಕಿತು. ಅದು ಎಲ್ಲಿಂದ ಬಂತು ಅಂತ ಬಿಡಿಸಿದವರು ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋಗಿದ್ದ ಭೌತವಿಜ್ಞಾನಿ ಲೀಸ ಮೈಟ್ನರ್ ಮತ್ತು ಅವರ ಸೋದರಳಿಯ ಓಟೊ ಫ್ರಿಷ್. ಕ್ರಿಸ್ಮಸ್ ರಜೆಯಲ್ಲಿ ಹಿಮದ ನಡುವೆ ಮರದ ದಿಮ್ಮಿಯ ಮೇಲೆ ಕೂತು ಲೆಕ್ಕ ಹಾಕಿದರು. ಆಮೇಲೆ ಫ್ರಿಷ್ ಕೋಪನ್‌ಹೇಗನ್ನಿನಲ್ಲಿದ್ದ ಅಮೆರಿಕದ ಜೀವವಿಜ್ಞಾನಿ ವಿಲಿಯಂ ಆರ್ನಾಲ್ಡ್ ಅವರ ಹತ್ತಿರ, ಜೀವಕೋಶ ಎರಡಾಗುವುದಕ್ಕೆ ಏನು ಹೆಸರು ಅಂತ ಕೇಳಿ, ಯುರೇನಿಯಂ ಎರಡಾಗುವುದಕ್ಕೂ ಅದೇ ಫಿಷನ್ ಪದ ತಂದರು.

ನನಗೆ ತಲೆನೋವು ಈ ಕೊನೆಯ ಸಾಲು. ಪಠ್ಯದಲ್ಲಿ ‘ಬೈಜಿಕ ವಿದಳನ’ ಇದೆ (ಬೈಜಿಕ ಅಂದರೆ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿನದು). ನಿಂತು ಓದುವ ಮಕ್ಕಳಿಗೆ ಭಾರ ಆಗುತ್ತದೆ ಅಲ್ವಾ?

* * *

ಒಡೆತ. ಮುಗಿಯಿತು.

ನೀವೇ ‘ಒಡೆದ ಕಥೆ’ ಅಂತ ಬರೆದಿದ್ದೀರಿ. ಬಾಯಿಗೆ ಬಂದ ಪದ ಬ್ಯಾನರಿಗೆ ಯಾಕೆ ಬೇಡ? ಜರ್ಮನ್ನರು ಕೆರ್ನ್‌ಷ್ಪಾಲ್ಟುಂಗ್ ಅನ್ನುತ್ತಾರೆ. ಕೆರ್ನ್ ಅಂದರೆ ಕಾಯಿಯೊಳಗಿನ ತಿರುಳು, ಷ್ಪಾಲ್ಟೆನ್ ಅಂದರೆ ಸೌದೆ ಸೀಳುವುದು. ಹಿತ್ತಿಲಿನ ಮಾತಿನಲ್ಲೇ ಅವರ ವಿಜ್ಞಾನ ನಡೆಯಿತು. ನಮಗೆ ಮಾತ್ರ ಸಂಸ್ಕೃತದ ಮಡಿ.

* * *

ವಿದಳನವೂ ಅಡುಗೆಮನೆಯದೇ. ‘ದಲ್’ ಧಾತುವಿಗೆ ಬಿರಿ, ಒಡೆ ಅಂತ ಅರ್ಥ. ದ್ವಿದಳ ಧಾನ್ಯ ಕೇಳಿಲ್ಲವೇ? ತೊಗರಿಯನ್ನು ಬೀಸುವ ಕಲ್ಲಿಗೆ ಹಾಕಿದರೆ ಎರಡು ಬೇಳೆ. ಹಿಂದಿಯ ದಾಲ್ ಕೂಡ ಅಲ್ಲಿಂದಲೇ. ಬ್ಯಾನರಿನಲ್ಲಿ ಒಂದು ಬೇಳೆಯ ಚಿತ್ರ ಹಾಕಿ, ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ.

* * *

ದಯವಿಟ್ಟು ಬೇಳೆ ಹಾಕಬೇಡಿ. ನಾನು ಫಿಸಿಕ್ಸ್ ಪಾಠ ಮಾಡುವವನು. ಆಮೇಲೆ ಆ ಚಿತ್ರವನ್ನು ತಲೆಯಿಂದ ತೆಗೆಸುವ ಕೆಲಸ ನನ್ನದಾಗುತ್ತದೆ.

ಬೇಳೆ ಸರಿಸಮ ಎರಡು. ಯುರೇನಿಯಂ ಹಾಗಲ್ಲ. ಪ್ರೋಟಾನ್ ಲೆಕ್ಕದಲ್ಲಿ ಬೇರಿಯಂ 56, ಕ್ರಿಪ್ಟಾನ್ 36, ಕೂಡಿದರೆ ಯುರೇನಿಯಂನ 92. ಒಂದು ದೊಡ್ಡದು, ಒಂದು ಚಿಕ್ಕದು. ಜೊತೆಗೆ ಎರಡೋ ಮೂರೋ ನ್ಯೂಟ್ರಾನ್ ಬೇರೆ.

ಸೌದೆಯೂ ಸಲ್ಲ. ಅಲ್ಲಿ ಕೊಡಲಿ ಏಟು ಬೇಕು, ಇಲ್ಲಿ ಮೆಲ್ಲಗೆ ಬರುವ ನ್ಯೂಟ್ರಾನೂ ಸಾಕು. ಮೈಟ್ನರ್ ಮತ್ತು ಫ್ರಿಷ್ ನ್ಯೂಕ್ಲಿಯಸ್ಸನ್ನು ನೀರಿನ ಹನಿಯ ಹಾಗೆ ನೋಡಿದರು. ಹನಿ ಅಲುಗುತ್ತದೆ, ಉದ್ದವಾಗುತ್ತದೆ, ನಡು ಸಣ್ಣಗಾಗಿ ಎರಡಾಗುತ್ತದೆ. ಕೋಶವೂ ಹಾಗೇ ನಡು ಸಣ್ಣಗಾಗಿ ಎರಡಾಗುತ್ತದೆ. ಫ್ರಿಷ್ ಜೀವವಿಜ್ಞಾನಿಯನ್ನು ಕೇಳಿದ್ದು ಸುಮ್ನೆ ಅಲ್ಲ.

ನಮ್ಮ ಜೀವಶಾಸ್ತ್ರದ ಪಾಠದಲ್ಲಿ ಅಮೀಬಾಗೆ ‘ದ್ವಿವಿದಳನ’ ಅಂತಲೇ ಇದೆ. ಎರಡೂ ಕಡೆ ಒಂದೇ ಪದ. ಒಡೆತ ಹಾಕಿದರೆ ನಿಮ್ಮ ಕೊನೆಯ ಸಾಲು ನೆಲಕ್ಕೆ ಬೀಳುತ್ತದೆ.

* * *

> ಎರಡೂ ಕಡೆ ಒಂದೇ ಪದ

ಹಾಗಾದರೆ ಅಮೀಬಾಗೂ ಒಡೆತ ಅನ್ನಿ.

* * *

ಮಡಕೆ ಒಡೆಯುತ್ತದೆ, ಹಾಲು ಒಡೆಯುತ್ತದೆ. ಅಮೀಬಾ ಒಡೆಯುವುದಿಲ್ಲ ಸ್ವಾಮಿ.

* * *

ನನ್ನ ತಕರಾರು ‘ಬೈಜಿಕ’ದ ಮೇಲೆ. ಮಕ್ಕಳಿಗೆ ಬೀಜಗಣಿತ ನೆನಪಾಗುತ್ತದೆ. ನ್ಯೂಟ್ರಾನ್, ಬೇರಿಯಂ ಎಲ್ಲ ಹಾಗೇ ಒಳಗೆ ಬಂದ ಮೇಲೆ ನ್ಯೂಕ್ಲಿಯಸ್ ಒಂದನ್ನು ಬಾಗಿಲಲ್ಲಿ ತಡೆಯುವುದು ಯಾಕೆ?

* * *

ಹೆಸರುಪದ ತರುವುದು ಬೇರೆ, ಕೆಲಸದ ಪದ ತರುವುದು ಬೇರೆ. ಬೇರಿಯಂ ಒಂದು ವಸ್ತು, ಇರಲಿ. ಒಡೆಯುವುದಕ್ಕೂ ಸಾಲ ಮಾಡಬೇಕೇ? ಇದನ್ನು ಹತ್ತು ಸಲ ಬರೆದಿದ್ದೇನೆ.

* * *

ಹನ್ನೊಂದನೇ ಸಲ ಬೇಡ. ಫ್ರಿಷ್ ಕೂಡ ಪಕ್ಕದವರ ಹತ್ತಿರ ಸಾಲ ಮಾಡಿದವರೇ.

ಅದಿರಲಿ, ‘ಸೋದರಳಿಯ’ ಶುದ್ಧ ತಪ್ಪು, ಯಾರೂ ನೋಡಲಿಲ್ಲ! ಫ್ರಿಷ್ ಮೈಟ್ನರ್ ಅವರ ಅಕ್ಕನ ಮಗ. ಹೆಂಗಸಿಗೆ ಸೋದರಳಿಯ ಅಂದರೆ ಅಣ್ಣತಮ್ಮಂದಿರ ಮಗ. ಅಕ್ಕನ ಮಗ ಮಗನೇ. ಮೈಟ್ನರ್ ಅವನಿಗೆ ಚಿಕ್ಕಮ್ಮ. ಇಂಗ್ಲಿಷಿನ ನೆಫ್ಯೂ ನೋಡಿ ಬರೆದಿದ್ದೀರಿ.

ಮತ್ತೆ, 1944ರ ರಸಾಯನಶಾಸ್ತ್ರದ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಆ ಚಿಕ್ಕಮ್ಮನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿ.

* * *

ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ: ‘ಯುರೇನಿಯಂ ಹೋಳಾದ ಕಥೆ’. ಹೋಳು ಚಿಕ್ಕದು ದೊಡ್ಡದು ಇರಬಹುದು, ಫಿಸಿಕ್ಸ್ ಮೇಷ್ಟ್ರು ಬಯ್ಯಲ್ಲ ಅಂದುಕೊಂಡಿದ್ದೇನೆ. ಕೊನೆಯ ಸಾಲು: ‘ಅಮೀಬಾ ಎರಡಾಗುವುದಕ್ಕೆ ಇದ್ದ ಹೆಸರನ್ನೇ ಚಿಕ್ಕಮ್ಮ ಮತ್ತು ಅಕ್ಕನ ಮಗ ಯುರೇನಿಯಂಗೂ ಇಟ್ಟರು: ವಿದಳನ.’ ಬೈಜಿಕ ಕೈಬಿಟ್ಟೆ.

* * *

ಹೋಳು ಸರಿ. ವಿದಳನದ ಪಕ್ಕ ಕಂಸದಲ್ಲಿ ‘ಒಡೆತ’ ಹಾಕಿ.