ಸಹಾಯ ಬೇಕು: ಜರ್ಮನಿಯಲ್ಲಿ ಮಾಸ್ಟರ್ಸ್, ಹೆಸರಿನ ಇನಿಷಿಯಲ್ ಸಮಸ್ಯೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮೆಕ್ಯಾನಿಕಲ್ ಬಿಇ ಮುಗಿಸಿದ್ದಾಳೆ, ಅಕ್ಟೋಬರ್‌ನಲ್ಲಿ ಶುರುವಾಗುವ ಸೆಮಿಸ್ಟರ್‌ಗೆ ಜರ್ಮನಿಗೆ ಹೋಗಬೇಕು ಅಂತ ಅವಳ ಆಸೆ.

ತೊಂದರೆ ಏನೆಂದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬರೀ 'ಕೆ. ಆರ್.' ಅಂತಿದೆ, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಪೂರ್ತಿ ಬಂದಿವೆ. ಇಲ್ಲಿ ಓದಿದವರಿಗೆ 2022ರ ನವೆಂಬರ್‌ನಿಂದ ವೀಸಾಕ್ಕೆ ಎಪಿಎಸ್ ಸರ್ಟಿಫಿಕೇಟ್ (ನಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಬೇಕೇ ಬೇಕು, ಅಲ್ಲಿ ಈ ವ್ಯತ್ಯಾಸ ನೋಡಿ ಫೈಲ್ ನಿಲ್ಲಿಸಿಬಿಟ್ಟರೆ ಅವಳ ವರ್ಷವೇ ಹೋಗುತ್ತದೆ ಅಂತ ಭಯ. ನೋಟರಿ ಅಫಿಡವಿಟ್ ಸಾಕಾ? ನಮ್ಮ ಕಡೆಯವರಲ್ಲಿ ಇನಿಷಿಯಲ್ ಜಾಸ್ತಿ ಅಲ್ವಾ, ನೀವು ಏನು ಮಾಡಿದಿರಿ ಹೇಳಿ.

ಇನ್ನೊಂದು ದುಡ್ಡಿನ ವಿಷಯ. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಅವಳಿಗೆ ಇಷ್ಟವಾದ ಸ್ಟಟ್‌ಗಾರ್ಟ್ ಇರುವುದು ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ಅಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ನಮ್ಮಂಥವರು ಸೆಮಿಸ್ಟರ್‌ಗೆ 1500 ಯೂರೋ ಕಟ್ಟಬೇಕು. ಅದರ ಮೇಲೆ ಬ್ಲಾಕ್ಡ್ ಅಕೌಂಟ್‌ಗೆ, ಅಂದರೆ ಅಲ್ಲಿನ ಒಂದು ವರ್ಷದ ಖರ್ಚಿಗೆ ಅಂತ ವೀಸಾಕ್ಕಾಗಿ ಮೊದಲೇ ಇಟ್ಟು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ತೆಗೆಯಬಹುದಾದ ಖಾತೆಗೆ, 11,904 ಯೂರೋ. ಅಪ್ಪ ಅಡಿಕೆ ತೋಟ ಅಡ ಇಡುತ್ತೇನೆ ಅನ್ನುತ್ತಿದ್ದಾರೆ, ನನಗೆ ಒಪ್ಪಿಗೆ ಇಲ್ಲ. ಒಬ್ಬ ಏಜೆಂಟ್ ಬೇರೆ, ಸುಮ್ನೆ ಖಾಸಗಿ ಕಾಲೇಜಿಗೇ ಸೇರಿಸಿ ಅಂತ ಒತ್ತಾಯ ಮಾಡುತ್ತಿದ್ದಾನೆ, ಅಲ್ಲಿನ ಫೀಸು ಕೇಳಿಯೇ ಅಮ್ಮ ಸುಮ್ಮನಾದರು.

ಆಖೆನ್, ಬ್ರೌನ್‌ಶ್ವೈಗ್ ಕಡೆ ಓದುತ್ತಿರುವವರು ಯಾರಾದರೂ ಇದ್ದರೆ, ರೂಮಿನ ಬಾಡಿಗೆ ಸೇರಿ ತಿಂಗಳಿಗೆ ನಿಜವಾಗಿ ಎಷ್ಟಾಗುತ್ತದೆ ದಯವಿಟ್ಟು ತಿಳಿಸಿ. ಅಪ್ಪನಿಗೆ ನಾನು ಭಾನುವಾರದೊಳಗೆ ಲೆಕ್ಕ ಹೇಳಬೇಕು.