ಮೊದಲ ಗೇಮಿಂಗ್ ಪಿಸಿ: ಪಾರ್ಟ್ಸ್ ಎಲ್ಲ ಸರಿ ಇವೆ, ಆದರೂ ಗೇಮ್ ತಡವರಿಸುತ್ತಿದೆ

ಹೊಸಗೂಡು:
ತಲೆ ಕೆಟ್ಟು ಹೋಗಿದೆ. ಮೊದಲ ಸಲ ನಾನೇ ಪಾರ್ಟ್ಸ್ ಆರಿಸಿ ಪಿಸಿ ಜೋಡಿಸಿದ್ದೇನೆ. ಜಾಸ್ತಿ ಖರ್ಚು ಮಾಡೋದು ಬೇಡ, 1080ಪಿಯಲ್ಲಿ ಗೇಮ್ ಓಡಿದರೆ ಸಾಕು ಅಂತಿದ್ದೆ. ರೈಜನ್ 5 5600 ಪ್ರೊಸೆಸರ್, ಬಿ550 ಬೋರ್ಡ್, 16 ಜಿಬಿ ರ‍್ಯಾಮ್, ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಪರದೆಯ ಮೂಲೆಯಲ್ಲಿ 70 ಎಫ್‌ಪಿಎಸ್ (ಸೆಕೆಂಡಿಗೆ 70 ಫ್ರೇಮ್) ಅಂತಲೇ ತೋರಿಸುತ್ತದೆ. ಆದರೆ ಗೇಮ್‌ನಲ್ಲಿ ಹೊಸ ಜಾಗಕ್ಕೆ ಹೋದ ಕೂಡಲೇ ಪರದೆ ಗಕ್ಕನೆ ನಿಲ್ಲುತ್ತದೆ. ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ವಿಂಡೋಸ್, ಡ್ರೈವರ್ ಎಲ್ಲ ಹೊಸದಾಗಿ ಹಾಕಿ ನೋಡಿ ಆಯಿತು. ‘ಬಜೆಟ್ ಏರಿಸಿ’ ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಕರೆಂಟ್‌ಕಾಕ:
ಎಸ್‌ಎಂಪಿಎಸ್ ಯಾವುದು? 550 ವ್ಯಾಟ್ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಹೊಸಬರೆಲ್ಲ ಇದನ್ನೇ ಮಾಡುತ್ತಾರೆ. ದುಡ್ಡೆಲ್ಲ ಪ್ರೊಸೆಸರ್‌ಗೆ, ಕಾರ್ಡಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಎಸ್‌ಎಂಪಿಎಸ್ ತರುತ್ತಾರೆ. ಲೇಬಲ್‌ನಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪ್ಸ್ ಅಂತ ಬರೆದಿದೆ? ಫೋಟೋ ಹಾಕಿ.

ತಿರುಪುಳಿ:
ಕಾಕ, ಎಸ್‌ಎಂಪಿಎಸ್ ಕೈಕೊಟ್ಟರೆ ಪಿಸಿ ಆಫ್ ಆಗುತ್ತದೆ, ಇಲ್ಲಾ ರೀಸ್ಟಾರ್ಟ್ ಆಗುತ್ತದೆ. ನಿಂತು ನಿಂತು ಓಡೋದಿಲ್ಲ. ಆ ಕಾರ್ಡಿಗೆ ಬೇಕಾಗೋದೇ 107 ವ್ಯಾಟ್.
ಹೊಸಗೂಡು ಅವರೇ, ರ‍್ಯಾಮ್ ಒಂದೇ ಕಡ್ಡಿಯಾ, ಎರಡಾ? ಯಾವ ಸ್ಲಾಟ್‌ನಲ್ಲಿ ಹಾಕಿದ್ದೀರಿ? ಬೋರ್ಡಿನ ಸೆಟ್ಟಿಂಗ್ಸ್ ಇರೋ ಬಯಾಸ್‌ನಲ್ಲಿ ರ‍್ಯಾಮ್ ವೇಗದ ಎಕ್ಸ್‌ಎಂಪಿ ಆನ್ ಮಾಡಿದ್ದೀರಾ? ಮಾಡದಿದ್ದರೆ 3200ರ ರ‍್ಯಾಮ್ ಕೂಡ 2133ರಲ್ಲೋ 2666ರಲ್ಲೋ ತೆವಳುತ್ತಾ ಇರುತ್ತದೆ.

ಹೊಸಗೂಡು:
8 ಜಿಬಿಯ ಎರಡು ಕಡ್ಡಿ. ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್. ಟಾಸ್ಕ್ ಮ್ಯಾನೇಜರ್‌ನಲ್ಲಿ 3200 ಅಂತಲೇ ಇದೆ. ಇದನ್ನೂ ಬಿಡಿಸಿ ಹೇಳಬೇಕಿತ್ತಾ?

ತಿರುಪುಳಿ:
ಹೇಳಬೇಕಿತ್ತು.

ಫ್ರೇಮ್‌ಬೇಟೆ:
ನನಗೆ ಮೊದಲು ಕಾರ್ಡಿನ ಮೇಲೇ ಅನುಮಾನ ಬಂತು. 6500 ಎಕ್ಸ್‌ಟಿಗೆ ಇರೋದು 4 ಜಿಬಿ ಮೆಮೊರಿ, ಪಿಸಿಐ ಎಕ್ಸ್‌ಪ್ರೆಸ್ ಲೇನ್, ಅಂದರೆ ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿ, ನಾಲ್ಕೇ ನಾಲ್ಕು. ಆ ದಾರಿಯ ಹಳೇ 3.0 ಆವೃತ್ತಿ ಇರೋ ಬೋರ್ಡಿಗೆ ಹಾಕಿದರೆ ಹೀಗೆ ಒದ್ದಾಡುತ್ತದೆ. ಆದರೆ ನಿಮ್ಮದು ಬಿ550, ಮೇಲೆ 5600. ಅಲ್ಲಿ 4.0 ಸಿಗುತ್ತದೆ, ಹಾಗಾಗಿ ಅದಲ್ಲ. ಗೇಮ್ ಹಾಕಿರೋದು ಹಾರ್ಡ್ ಡಿಸ್ಕ್‌ನಲ್ಲಾ?

ಹೊಸಗೂಡು:
ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ.

ಕರೆಂಟ್‌ಕಾಕ:
107 ಅನ್ನೋದು ಸರಾಸರಿ ಲೆಕ್ಕ. ಒಂದು ಕ್ಷಣಕ್ಕೆ ಏರುವ ಸ್ಪೈಕ್ ಬೇರೆ. ನಾನು 1000 ವ್ಯಾಟ್‌ನ ಗೋಲ್ಡ್ ದರ್ಜೆಯ ಎಸ್‌ಎಂಪಿಎಸ್ ಹಾಕಿದ್ದೇನೆ, ಇವತ್ತಿನವರೆಗೆ ಒಂದು ಫ್ರೇಮ್ ಕೂಡ ಹಾರಿಲ್ಲ.

ಫ್ರೇಮ್‌ಬೇಟೆ:
ನಿಮ್ಮ ಕಾರ್ಡ್ ಯಾವುದು ಅಂತಲೂ ಹೇಳಿ ಸ್ವಾಮಿ, ಎಲ್ಲರೂ ನಗಲಿ. ಬಜೆಟ್ ಪಿಸಿ ಕೇಳಿದವರಿಗೆ 1000 ವ್ಯಾಟ್ ಹೇಳೋದು ಯಾವ ನ್ಯಾಯ? ಒಳ್ಳೆ 550 ವ್ಯಾಟ್ ಬ್ರಾಂಜ್ ಈ ಪಿಸಿಗೆ ಧಾರಾಳವಾಯಿತು.

ನೀರ್‌ಕೂಲ್:
ಥರ್ಮಲ್ ಥ್ರಾಟ್ಲಿಂಗ್, ಅಂದರೆ ಬಿಸಿಯಾಗಿ ವೇಗ ತಗ್ಗಿಸಿಕೊಳ್ಳೋದು, ಇರಬಹುದಾ? ನನ್ನದು 360 ಎಂಎಂ ರೇಡಿಯೇಟರ್, ಒಂಬತ್ತು ಫ್ಯಾನ್, ಎಲ್ಲ ಆರ್‌ಜಿಬಿ. ಗೇಮ್ ಆಡುವಾಗಲೂ ಪ್ರೊಸೆಸರ್ 55 ಡಿಗ್ರಿ ದಾಟಲ್ಲ. ಫೋಟೋ ಬೇಕಿದ್ದರೆ ಹಾಕುತ್ತೇನೆ.

ತಿರುಪುಳಿ:
ಯಾರೂ ಕೇಳಲಿಲ್ಲ ಗುರು.

ಹಳೇಪೆಂಟಿಯಂ:
ಊಹೆ ಸಾಕು, ಅಳೆದು ನೋಡೋಣ. ಗೇಮ್ ನಿಂತ ಕೂಡಲೇ ಆಲ್ಟ್-ಟ್ಯಾಬ್ ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ತೆರೆದು ಡೆಡಿಕೇಟೆಡ್ ಮೆಮೊರಿ (ಕಾರ್ಡಿನದೇ) ಎಷ್ಟು, ಶೇರ್ಡ್ ಮೆಮೊರಿ (ರ‍್ಯಾಮ್‌ನಿಂದ ಎರವಲು) ಎಷ್ಟು ಅಂತ ಬರೆದುಕೊಳ್ಳಿ. ಆಮೇಲೆ ಜಿಪಿಯು-ಝಡ್ ಅನ್ನೋ ಪ್ರೋಗ್ರಾಂ ಓಡಿಸಿ, ಬಸ್ ಇಂಟರ್‌ಫೇಸ್ ಅನ್ನೋ ಕಡೆ ಏನಿದೆ ನೋಡಿ. ಕಾರ್ಡ್ ಸುಮ್ನೆ ಕೂತಿದ್ದಾಗ ಲಿಂಕ್ ವೇಗ ತಾನಾಗೇ ಇಳಿಯುತ್ತದೆ, ಅದನ್ನು ನಂಬಬೇಡಿ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಶುರು ಮಾಡಿ, ಆಗ ತೋರಿಸೋದನ್ನು ಹೇಳಿ.

ಹೊಸಗೂಡು:
ಜಿಪಿಯು 0, ಜಿಪಿಯು 1 ಅಂತ ಎರಡು ಬರುತ್ತಿವೆ. ಕಾರ್ಡ್ ಇರೋದರಲ್ಲಿ ಡೆಡಿಕೇಟೆಡ್ 3.9, ಶೇರ್ಡ್ 2.1 ಜಿಬಿ. ಜಿಪಿಯು-ಝಡ್‌ನಲ್ಲಿ ‘ಎಕ್ಸ್4 4.0 @ ಎಕ್ಸ್4 3.0’.

ಹಳೇಪೆಂಟಿಯಂ:
ಎರಡು ಜಿಪಿಯುನಾ? 5600ರಲ್ಲಿ ಗ್ರಾಫಿಕ್ಸೇ ಇಲ್ಲವಲ್ಲ! ಪ್ರೊಸೆಸರ್ ಡಬ್ಬಿಯ ಮೇಲಿರುವ ಪೂರ್ತಿ ಹೆಸರು ಹೇಳಿ.

ಹೊಸಗೂಡು:
5600ಜಿ. ಅಂಗಡಿಯವರು ‘ಇದರಲ್ಲಿ ಗ್ರಾಫಿಕ್ಸೂ ಬರುತ್ತೆ, ಇನ್ನೂ ಒಳ್ಳೇದು’ ಅಂದರು. ಅದೇ ಪ್ರೊಸೆಸರ್ ಅಲ್ವಾ?

ಫ್ರೇಮ್‌ಬೇಟೆ:
ಅಯ್ಯೋ ದೇವರೇ.

ಹಳೇಪೆಂಟಿಯಂ:
ಅದೇ ಅಲ್ಲ. 5600ಜಿ ಬೇರೆಯದೇ ಚಿಪ್. ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, ಜಿ ಇಲ್ಲದ 5600ರಲ್ಲಿ 32. ಅದಕ್ಕಿಂತ ಮುಖ್ಯ, ಜಿಯಲ್ಲಿ ಪಿಸಿಐ ಎಕ್ಸ್‌ಪ್ರೆಸ್ 3.0 ಮಾತ್ರ. ಕಾರ್ಡಿನ ಸ್ಲಾಟ್‌ಗೆ ಲೇನ್ ಬರೋದು ಪ್ರೊಸೆಸರ್‌ನಿಂದ, ಹಾಗಾಗಿ ಬೋರ್ಡ್ ಬಿ550 ಆದರೂ 4.0 ಸಿಗಲ್ಲ.

ಈಗ ನಿಮ್ಮ ಅಂಕಿಗಳನ್ನು ನೋಡಿ. ‘ಎಕ್ಸ್4 4.0 @ ಎಕ್ಸ್4 3.0’ ಅಂದರೆ ಕಾರ್ಡಿಗೆ 4.0 ಆಗುತ್ತದೆ, ಓಡುತ್ತಿರೋದು ಮಾತ್ರ 3.0ರಲ್ಲಿ. ಕಾರ್ಡಿನ 4 ಜಿಬಿ ತುಂಬಿದೆ. ಮಿಕ್ಕ ಟೆಕ್ಸ್‌ಚರ್ (ಗೋಡೆ, ನೆಲದ ಮೇಲೆ ಕಾಣುವ ಚಿತ್ರ) ಎಲ್ಲ ಸಿಸ್ಟಂ ರ‍್ಯಾಮ್‌ಗೆ ಹೋಗಿ ಕೂತಿದೆ, ಶೇರ್ಡ್ 2.1 ಅಂದರೆ ಅದೇ. ಕಾರ್ಡ್ ತನ್ನ ಸ್ವಂತ ಮೆಮೊರಿಯನ್ನು ಸೆಕೆಂಡಿಗೆ 144 ಜಿಬಿ ವೇಗದಲ್ಲಿ ಓದುತ್ತದೆ. ರ‍್ಯಾಮ್‌ನಿಂದ ತರಬೇಕಾದರೆ 3.0ರ ನಾಲ್ಕು ಲೇನ್‌ನಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 4 ಜಿಬಿ ಅಷ್ಟೇ. 4.0 ಆಗಿದ್ದರೆ ಅದರ ಎರಡರಷ್ಟು. ಹೊಸ ಜಾಗ ಬಂತು, ಹೊಸ ಟೆಕ್ಸ್‌ಚರ್ ಬೇಕು, ಅದು ಬರುವವರೆಗೆ ಪರದೆ ಕಾಯುತ್ತದೆ. ಸರಾಸರಿ ಎಫ್‌ಪಿಎಸ್‌ನಲ್ಲಿ ಇದು ಕಾಣೋದೇ ಇಲ್ಲ.

ಈಗಲೇ ಮಾಡಬಹುದಾದದ್ದು: ಟೆಕ್ಸ್‌ಚರ್ ಸೆಟ್ಟಿಂಗ್ ಒಂದನ್ನೇ ಇಳಿಸಿ, ಡೆಡಿಕೇಟೆಡ್ ಮೆಮೊರಿ 3.5ರ ಒಳಗೆ ಬರುವ ತನಕ. ಬೇರೆ ಸೆಟ್ಟಿಂಗ್ ಮುಟ್ಟಬೇಡಿ. ಬಯಾಸ್‌ನಲ್ಲಿ ಪ್ರೊಸೆಸರ್‌ನ ಗ್ರಾಫಿಕ್ಸ್ ಆಫ್ ಮಾಡಿ. ಅದು ನಿಮ್ಮ 16 ಜಿಬಿಯಲ್ಲಿ ಒಂದು ಪಾಲನ್ನು ಸುಮ್ನೆ ಹಿಡಿದಿಟ್ಟುಕೊಂಡಿರುತ್ತದೆ.

ಫ್ರೇಮ್‌ಬೇಟೆ:
ಆಫ್ ಮಾಡೋಕೆ ಮುಂಚೆ ಒಂದು ಮಾತು. 6500 ಎಕ್ಸ್‌ಟಿಯಲ್ಲಿ ವಿಡಿಯೋ ಎನ್‌ಕೋಡರ್ ಇಲ್ಲ. ಗೇಮ್ ರೆಕಾರ್ಡ್ ಮಾಡುವ ಆಸೆ ಇದ್ದರೆ ಆ ಜಿ ಗ್ರಾಫಿಕ್ಸೇ ಕೈ ಹಿಡಿಯೋದು.

ತಿರುಪುಳಿ:
ಅವರು ರೆಕಾರ್ಡಿಂಗ್ ಬಗ್ಗೆ ಕೇಳಿಯೇ ಇಲ್ಲ.

ಫ್ರೇಮ್‌ಬೇಟೆ:
ಅವರು ಜಿ ಬಗ್ಗೆಯೂ ಹೇಳಿರಲಿಲ್ಲ. ಏನು ಗೊತ್ತು.

ಡಬ್ಬಿಪಿಸಿ:
ನಮಸ್ಕಾರ, ನನ್ನದೂ ಇದೇ ತೊಂದರೆ. ಆದರೆ ನನಗೆ ಡಿಸ್ಪ್ಲೇನೇ ಬರುತ್ತಿಲ್ಲ. ಫ್ಯಾನ್ ಎಲ್ಲ ತಿರುಗುತ್ತಿವೆ. 5600, ಜಿ ಇಲ್ಲ. ಕಾರ್ಡ್ ಹಾಕಿದ್ದೇನೆ.

ತಿರುಪುಳಿ:
ಇದೇ ತೊಂದರೆ ಹೇಗಾಯಿತು ಮಾರಾಯರೇ? ಎಚ್‌ಡಿಎಂಐ ಕೇಬಲ್ ಎಲ್ಲಿ ಚುಚ್ಚಿದ್ದೀರಿ, ಬೋರ್ಡಿಗಾ, ಕಾರ್ಡಿಗಾ? ಬೋರ್ಡಿನ ಪೋರ್ಟ್ ನಿಮಗೆ ಕೆಲಸ ಮಾಡಲ್ಲ.

ಹೊಸಗೂಡು:
ಟೆಕ್ಸ್‌ಚರ್ ಅಲ್ಟ್ರಾದಿಂದ ಮೀಡಿಯಂಗೆ ಇಳಿಸಿದೆ. ನಿಲ್ಲೋದು ಬಹುತೇಕ ಹೋಯಿತು! ಆದರೆ ಗೋಡೆ, ನೆಲ ಎಲ್ಲ ಮಬ್ಬು. ಮುಂದೆ ಬದಲಾಯಿಸುವುದಾದರೆ ಯಾವುದನ್ನ? ಪ್ರೊಸೆಸರ್ ತೆಗೆದು ಜಿ ಇಲ್ಲದ 5600 ಹಾಕಲಾ?

ಫ್ರೇಮ್‌ಬೇಟೆ:
ಹಾಕಿ. 4.0 ಬರುತ್ತದೆ, ಕ್ಯಾಶ್ ಎರಡರಷ್ಟಾಗುತ್ತದೆ.

ಹಳೇಪೆಂಟಿಯಂ:
ನಾನಾದರೆ ಕಾರ್ಡ್ ಬದಲಾಯಿಸುತ್ತೇನೆ. ಪ್ರೊಸೆಸರ್ ಬದಲಾಯಿಸಿದರೂ 4 ಜಿಬಿ 4 ಜಿಬಿಯೇ, ಅಲ್ಟ್ರಾ ಟೆಕ್ಸ್‌ಚರ್ ಮತ್ತೆ ಉಕ್ಕುತ್ತದೆ. ಆರ್‌ಎಕ್ಸ್ 6600 ಸಿಕ್ಕರೆ 8 ಜಿಬಿ, ಎಂಟು ಲೇನ್. 3.0ರಲ್ಲೂ ಇದರ ಹಾಗೆ ಉಸಿರುಗಟ್ಟಲ್ಲ. 132 ವ್ಯಾಟ್, ಒಂದು 8-ಪಿನ್ ಕೇಬಲ್ ಬೇಕು. 6+2 ಅಂತ ಬರುತ್ತದಲ್ಲ, ಅದು. ಪ್ರೊಸೆಸರ್‌ನ 4+4 ಕೇಬಲ್ ತಂದು ಒತ್ತಬೇಡಿ. ಎಸ್‌ಎಂಪಿಎಸ್ ಮಾಡ್ಯುಲರ್ (ಕೇಬಲ್ ಬಿಚ್ಚಬಹುದಾದದ್ದು) ಆಗಿದ್ದರೆ ಅದರ ಜೊತೆಗೆ ಬಂದ ಕೇಬಲ್ ಮಾತ್ರ ಬಳಸಿ. ಬೇರೆಯದು ಕೂತರೂ ಪಿನ್ ಜೋಡಣೆ ಬೇರೆ ಇರುತ್ತದೆ, ಕಾರ್ಡ್ ಸುಟ್ಟು ಹೋಗಬಹುದು.

ನೀರ್‌ಕೂಲ್:
6600ಗೆ ವಾಟರ್ ಬ್ಲಾಕ್ ಸಿಗುತ್ತಾ?

ಫ್ರೇಮ್‌ಬೇಟೆ:
ಪೆಂಟಿಯಂ ಅವರೇ, 5600ಜಿ ಮೇಲೆ 6600 ಹಾಕಿದರೆ 16 ಎಂಬಿ ಕ್ಯಾಶ್ ಅಡ್ಡ ಬರಲ್ವಾ? ಸೆಕೆಂಡಿಗೆ ಜಾಸ್ತಿ ಫ್ರೇಮ್ ತೋರಿಸುವ ಹೈ-ರಿಫ್ರೆಶ್ ಮಾನಿಟರ್‌ನಲ್ಲಿ ಆಡುವವರಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ಹಳೇಪೆಂಟಿಯಂ:
ಬರುತ್ತದೆ. ಅವರ ಮಾನಿಟರ್ ಎಷ್ಟು ಹರ್ಟ್ಸ್ ಅಂತ ಯಾರಾದರೂ ಕೇಳಿದಿರಾ?

ಡಬ್ಬಿಪಿಸಿ:
ಡಿಸ್ಪ್ಲೇ ಬಂತು! ಆದರೆ ಮಾನಿಟರ್ 144 ಹರ್ಟ್ಸ್, ವಿಂಡೋಸ್‌ನಲ್ಲಿ 60 ಅಂತ ತೋರಿಸುತ್ತಿದೆ.

ತಿರುಪುಳಿ:
ಡಿಸ್ಪ್ಲೇ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್ ಡಿಸ್ಪ್ಲೇ, ಅಲ್ಲಿ 144 ಆರಿಸಿ. ಮುಂದಿನದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ.