ರನ್ನಿಂಗ್ ಸ್ಟಾರ್ಟ್ ಸೇರಿಸೋದಾ, ಎಪಿ ಸಾಕಾ?

ಮಳೆನಾಡಿನಮ್ಮ:
ನಾವಿರುವುದು ವಾಷಿಂಗ್ಟನ್ ರಾಜ್ಯದಲ್ಲಿ. ಮಗಳು ಈಗ ಹತ್ತನೇ ಕ್ಲಾಸು, ಮುಂದೆ ಇಂಜಿನಿಯರಿಂಗ್ ಅನ್ನುತ್ತಾಳೆ. ಮುಂದಿನ ವರ್ಷ ಸ್ಕೂಲಲ್ಲೇ ಇದ್ದು ಎಪಿ (ಕಾಲೇಜು ಮಟ್ಟದ ಪಾಠ) ತಗೊಳ್ಳಬೇಕಾ, ಇಲ್ಲ ಹೈಸ್ಕೂಲಲ್ಲಿದ್ದಾಗಲೇ ಕಾಲೇಜಿನ ಕ್ಲಾಸು ಮಾಡಿಸುವ ರಾಜ್ಯದ ಯೋಜನೆ ರನ್ನಿಂಗ್ ಸ್ಟಾರ್ಟ್‌ನಲ್ಲಿ ಕಮ್ಯುನಿಟಿ ಕಾಲೇಜಿಗೆ (ಊರಿನ ಸರ್ಕಾರಿ ಕಾಲೇಜು) ಹೋಗಬೇಕಾ ಅಂತ ಮನೆಯಲ್ಲಿ ದಿನಾ ಇದೇ ಚರ್ಚೆ. ಕೌನ್ಸೆಲರ್ ಕೇಳಿದರೆ ಎರಡೂ ಒಳ್ಳೆಯದೇ ಅನ್ನುತ್ತಾರೆ. ಎರಡು ವರ್ಷದ ಫೀಸು ಉಳಿಯುತ್ತದೆ ಅನ್ನುವುದು ನಿಜವಾ?

ಗಣಿತದ ಮೇಷ್ಟ್ರು:
ರನ್ನಿಂಗ್ ಸ್ಟಾರ್ಟ್‌ನಲ್ಲಿ ಟ್ಯೂಷನ್, ಅಂದರೆ ಕಾಲೇಜಿನ ಬೋಧನಾ ಶುಲ್ಕ, ಕಟ್ಟಬೇಕಿಲ್ಲ, ಅದು ನಿಜ. ಪುಸ್ತಕ, ಸಣ್ಣಪುಟ್ಟ ಫೀಸು, ಓಡಾಟದ ಖರ್ಚು ಮಾತ್ರ ನಿಮ್ಮದೇ. ಕಾಲೇಜಿನ 5 ಕ್ರೆಡಿಟ್‌ನ ಒಂದು ಕ್ಲಾಸ್ (ಕ್ರೆಡಿಟ್ ಅಂದರೆ ಪಾಸಾಗಲು ಕೂಡಿಸುತ್ತಾ ಹೋಗುವ ಪಾಠದ ಲೆಕ್ಕ) ಮುಗಿಸಿದರೆ ಹೈಸ್ಕೂಲಲ್ಲಿ 1 ಕ್ರೆಡಿಟ್ ಆಗುತ್ತದೆ, ಅಂದರೆ ಇಡೀ ವರ್ಷದ ಪಾಠ ಸುಮಾರು ಮೂರು ತಿಂಗಳ ಒಂದೇ ಕ್ವಾರ್ಟರ್‌ನಲ್ಲಿ. ವೇಗ ಜಾಸ್ತಿ. ಆದರೆ ಇಂಜಿನಿಯರಿಂಗ್‌ನಲ್ಲಿ ಎರಡು ವರ್ಷ ಉಳಿಯುವುದು ಕಷ್ಟ, ಯಾಕೆಂದರೆ ಅಲ್ಲಿ ಕ್ಯಾಲ್ಕುಲಸ್ ಆದ ಮೇಲೆ ಡಿಫರೆನ್ಷಿಯಲ್ ಈಕ್ವೇಶನ್ಸ್, ಫಿಸಿಕ್ಸ್ ಆದ ಮೇಲೆ ಮೆಕ್ಯಾನಿಕ್ಸ್ ಅಂತ ಒಂದರ ಹಿಂದೆ ಒಂದು ಬರುತ್ತವೆ, ಇಂಗ್ಲಿಷು ಇತಿಹಾಸ ಎಷ್ಟು ಮುಗಿಸಿಕೊಂಡು ಹೋದರೂ ಆ ಸಾಲು ಚಿಕ್ಕದಾಗುವುದಿಲ್ಲ. ಹೋಗುವುದಾದರೆ ಗಣಿತ, ಫಿಸಿಕ್ಸ್ ಮೊದಲು ಹಿಡಿಯಲಿ.

ಸುಮ್ನೆ ಓದುಗ:
ಎಪಿಯದ್ದು ಬೇರೆ ಕಥೆ ಮೇಡಂ. ವರ್ಷವೆಲ್ಲ ಓದಿ ಮೇ ತಿಂಗಳಲ್ಲಿ ಒಂದು ಪರೀಕ್ಷೆ, 5ಕ್ಕೆ ಅಂಕ. 3 ಬಂದರೆ ಎಷ್ಟೋ ಸರ್ಕಾರಿ ಯೂನಿವರ್ಸಿಟಿಗಳು ಕ್ರೆಡಿಟ್ ಕೊಡುತ್ತವೆ, ಕೆಲವು ಕಡೆ 4 ಅಥವಾ 5 ಬೇಕು, ಕ್ಯಾಲಿಫೋರ್ನಿಯಾದ ಖಾಸಗಿ ಯೂನಿವರ್ಸಿಟಿ ಕ್ಯಾಲ್‌ಟೆಕ್ ಕೊಡುವುದೇ ಇಲ್ಲ. ಕೊಟ್ಟರೂ ಮುಖ್ಯ ವಿಷಯ, ಅಂದರೆ ಮೇಜರ್‌ಗೆ ಲೆಕ್ಕವಾಗದೆ ಎಲೆಕ್ಟಿವ್ (ಐಚ್ಛಿಕ ಪಾಠ) ಅಂತ ಬಿದ್ದುಬಿಡಬಹುದು. ರನ್ನಿಂಗ್ ಸ್ಟಾರ್ಟ್ ಕ್ರೆಡಿಟ್ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸಲೀಸು, ಹೊರ ರಾಜ್ಯದ ಖಾಸಗಿ ಕಾಲೇಜುಗಳಲ್ಲಿ ಹಾಗಲ್ಲ: ಹೈಸ್ಕೂಲ್ ಪಾಸಾಗಲು ಬಳಸಿದ ಕ್ಲಾಸನ್ನು ಕೆಲವರು ಒಪ್ಪುವುದಿಲ್ಲ. ಮಗಳಿಗೆ ಇಷ್ಟವಿರುವ ನಾಲ್ಕೈದು ಕಾಲೇಜುಗಳ ವೆಬ್‌ಸೈಟಲ್ಲಿ ಕ್ರೆಡಿಟ್ ಪಟ್ಟಿ ಇರುತ್ತದೆ, ಈ ವಾರವೇ ನೋಡಿ. ಇಲ್ಲಿ ನಮ್ಮನ್ನು ಕೇಳುವುದಕ್ಕಿಂತ ಅದು ವಾಸಿ.

ಬೆಟ್ಟದ ನೆಲ್ಲಿ:
ಯಾರೂ ಹೇಳದ ಒಂದು ವಿಷಯ. ಎಪಿಯಲ್ಲಿ 2 ಬಂದರೆ ಅದನ್ನು ಕಾಲೇಜಿಗೆ ಕಳಿಸದೇ ಇರಬಹುದು. ಕಮ್ಯುನಿಟಿ ಕಾಲೇಜಲ್ಲಿ ಸಿ ಗ್ರೇಡ್ ಬಂದರೆ ಅದು ಕಾಲೇಜ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಖಾಯಂ ಉಳಿಯುತ್ತದೆ, ಮುಂದೆ ಮಾಸ್ಟರ್ಸ್‌ಗೆ ಅರ್ಜಿ ಹಾಕಿದಾಗಲೂ ತೋರಿಸಬೇಕು. ಇನ್ನೊಂದು, ಫರ್ಪಾ ಕಾನೂನಿನ ಪ್ರಕಾರ ಕಾಲೇಜಿನ ದಾಖಲೆಗಳ ಹಕ್ಕು ಮಗಳದ್ದು, ಅವಳಿಗೆ 16 ಆಗಿದ್ದರೂ ಸರಿ. ಪ್ರೊಫೆಸರ್‌ಗೆ ಇಮೇಲ್ ಮಾಡಿ ಹೇಗೆ ಓದುತ್ತಿದ್ದಾಳೆ ಅಂತ ನೀವು ಕೇಳಿದರೆ ಉತ್ತರ ಬರುವುದಿಲ್ಲ. ನಮ್ಮಂಥ ಅಪ್ಪ ಅಮ್ಮಂದಿರಿಗೆ ಇದೇ ದೊಡ್ಡ ಪರೀಕ್ಷೆ ಬಿಡಿ.

ಮಳೆನಾಡಿನಮ್ಮ:
ಫರ್ಪಾ ವಿಷಯ ಗೊತ್ತೇ ಇರಲಿಲ್ಲ, ಮಗಳು ಓದಿ ಜೋರಾಗಿ ನಕ್ಕಳು! ಅರ್ಧ ದಿನ ಸ್ಕೂಲು, ಗಣಿತ ಮಾತ್ರ ಕಾಲೇಜಲ್ಲಿ, ಹಾಗೆ ಮಾಡಬಹುದಾ?

ಗಣಿತದ ಮೇಷ್ಟ್ರು:
ಧಾರಾಳವಾಗಿ. ಪಾರ್ಟ್ ಟೈಮ್ ತಗೊಳ್ಳುವವರು ಬೇಕಾದಷ್ಟಿದ್ದಾರೆ. ಪ್ಲೇಸ್‌ಮೆಂಟ್, ಅಂದರೆ ಅವಳನ್ನು ಗಣಿತದ ಯಾವ ಕ್ಲಾಸಿಗೆ ಸೇರಿಸುತ್ತಾರೆ ಅನ್ನುವುದು, ಯಾವ ಲೆವೆಲ್‌ಗೆ ಬರುತ್ತದೆ ಅಂತ ಮೊದಲು ಕಾಲೇಜಲ್ಲಿ ವಿಚಾರಿಸಿ, ಕ್ಲಾಸಿನ ಟೈಮ್ ಸ್ಕೂಲಿನ ಪೀರಿಯಡ್‌ಗೆ ಅಡ್ಡ ಬರುತ್ತದಾ ನೋಡಿಕೊಳ್ಳಿ.